ಮನಸ್ಸಿನ ನೆಮ್ಮದಿಗೆ ಮೊದಲು ಯಾವ ಅಭ್ಯಾಸವನ್ನು ಹಿಡಿಯಬೇಕು?

ತುಂಗಾತೀರ (ಪ್ರಶ್ನೆ)

ನಾನು ಶಿವಮೊಗ್ಗದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಅಮೆರಿಕದವರ ಜೊತೆಗಿನ ಮೀಟಿಂಗ್‌ಗಳು ರಾತ್ರಿ ಹತ್ತೂವರೆಯವರೆಗೆ ನಡೆಯುವುದರಿಂದ, ಮಲಗಿದ ಮೇಲೂ ತಲೆಯೊಳಗೆ ಅದೇ ಮಾತುಗಳು ಓಡುತ್ತಿರುತ್ತವೆ. ನಿದ್ದೆ ಬರಲಿಲ್ಲವೆಂದು ಮೊಬೈಲ್ ಹಿಡಿದರೆ ಗಂಟೆ ಒಂದಾಗುತ್ತದೆ, ಬೆಳಿಗ್ಗೆ ಏಳುವಾಗ ಒಂಬತ್ತು ದಾಟಿರುತ್ತದೆ. ಊಟ, ಕೆಲಸ ಎಲ್ಲವೂ ನಡೆಯುತ್ತಿದೆ, ಆದರೆ ಯಾವುದರಲ್ಲಿಯೂ ಹುರುಪಿಲ್ಲ. ಧ್ಯಾನ ಮಾಡಿ, ದಿನಚರಿ ಬರೆಯಿರಿ, ನಾಲ್ಕೂವರೆಗೆ ಏಳಿ ಎಂಬ ಸಲಹೆಗಳಿಗೆ ಬರವಿಲ್ಲ. ಪ್ರಯತ್ನಿಸಿದ ಯಾವುದೂ ಹೆಚ್ಚು ದಿನ ಬಾಳಲಿಲ್ಲ. ವಯಸ್ಸಾದ ತಂದೆತಾಯಿಯರೊಂದಿಗೆ ಇರುವ ನನ್ನಂಥವರು ಒಂದೇ ಒಂದು ಅಭ್ಯಾಸದಿಂದ ಆರಂಭಿಸಬೇಕೆಂದರೆ ಅದು ಯಾವುದಾಗಬೇಕು, ಏಕೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಜಗಲಿಕಟ್ಟೆ

ಏಳುವ ಹೊತ್ತನ್ನು ಹಿಡಿಯಿರಿ. ನಿದ್ದೆಯನ್ನು ಬಲವಂತದಿಂದ ಬರಿಸಿಕೊಳ್ಳಲು ಯಾರಿಗೂ ಸಾಧ್ಯವಿಲ್ಲ, ಆದರೆ ಏಳುವುದು ನಮ್ಮ ಕೈಯಲ್ಲಿದೆ. ನಿಮ್ಮ ಕೆಲಸದ ವೇಳೆಗೆ ನಾಲ್ಕೂವರೆಯ ಮಾತೇ ಸಲ್ಲದು. ಏಳೂವರೆ ಎಂದು ಗೊತ್ತುಮಾಡಿಕೊಂಡು ಭಾನುವಾರವೂ ಅದನ್ನೇ ಪಾಲಿಸಿ. ಎದ್ದ ಕೂಡಲೇ ಸ್ವಲ್ಪ ಹೊತ್ತು ಹೊರಗೆ ಬಂದು ಕುಳಿತುಕೊಳ್ಳಿ. ಕಣ್ಣಿಗೆ ಬೀಳುವ ಬೆಳಗಿನ ಬೆಳಕು ಮೆದುಳಿನ ಒಳಗಡಿಯಾರವನ್ನು ಸರಿಪಡಿಸುತ್ತದೆ, ಅದರಿಂದ ದೇಹವನ್ನು ನಿದ್ದೆಗೆ ಅಣಿಮಾಡುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಸ್ರವಿಸುವುದೂ ಬೇಗನೆ ಆರಂಭವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೆಲ್ಲಿ ಎಂದು ಕೇಳಬಹುದು. ಮೋಡ ಕವಿದ ದಿನವೂ ಜಗಲಿಯ ಬೆಳಕು ಟ್ಯೂಬ್‌ಲೈಟ್ ಉರಿಯುವ ಕೋಣೆಯ ಬೆಳಕಿಗಿಂತ ಎಷ್ಟೋ ಪಾಲು ಹೆಚ್ಚಾಗಿರುತ್ತದೆ.

ಸಂಜೆಯ ಮೀಟಿಂಗಿಗೆ ಮುಂಚೆ ಕಾಫಿ ಕುಡಿಯುವ ರೂಢಿಯಿದ್ದರೆ ಅದನ್ನು ಮಧ್ಯಾಹ್ನಕ್ಕೆ ಸರಿಸಿ. ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆಗಳ ಮೇಲೂ ದೇಹದಲ್ಲಿ ಉಳಿದಿರುತ್ತದೆ.

ಸೊಗಡಿನ ಅವರೆ

ಮೇಲಿನವರ ಮಾತು ಸರಿ, ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ಕೊರತೆ ನಿದ್ದೆಯದೊಂದೇ ಅಲ್ಲ. ದಿನವೆಲ್ಲ ಪರದೆಯ ಮುಂದೆ ಕುಳಿತವರಿಗೆ ಕಣ್ಣು ಮುಚ್ಚಿ ಕುಳಿತುಕೊಳ್ಳಿ ಎಂದು ಹೇಳುವ ಬದಲು ಕೈಗೊಂದು ಕೆಲಸ ಕೊಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಧ್ಯಾನದ ಪಕ್ಷದವರು ಕ್ಷಮಿಸಬೇಕು. ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ನೆನೆಸಿದ ಅವರೆಕಾಳನ್ನು ಹಿತಕುವ ಕೆಲಸ ನನ್ನದು ಮತ್ತು ನಮ್ಮ ಅತ್ತೆಯವರದು. ಹೆಬ್ಬೆರಳು ತೋರುಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ತಟ್ಟೆಗೆ ಜಾರುತ್ತದೆ. ಒದ್ದೆ ಬೆರಳುಗಳಿಂದ ಮೊಬೈಲ್ ಮುಟ್ಟುವಂತಿಲ್ಲ, ಎದುರಿಗೆ ಕುಳಿತವರೊಡನೆ ಮಾತು ತಾನಾಗಿಯೇ ಬೆಳೆಯುತ್ತದೆ, ತಟ್ಟೆ ತುಂಬಿದಾಗ ಕೆಲಸ ಮುಗಿಯಿತೆಂದು ಕಣ್ಣಿಗೇ ಕಾಣುತ್ತದೆ. ನಿಮ್ಮ ಕಚೇರಿಯ ಕೆಲಸದಲ್ಲಿ ಇಲ್ಲದಿರುವುದು ಈ ಕೊನೆಯದೇ ಎಂದು ನನಗನ್ನಿಸುತ್ತದೆ. ಅವರೆಯ ಕಾಲವಲ್ಲದಿದ್ದರೆ ಸೊಪ್ಪು ಬಿಡಿಸಿ, ದಾಸವಾಳದ ಗಿಡಕ್ಕೆ ನೀರು ಹಾಕಿ. ತಂದೆತಾಯಿಯರಲ್ಲಿ ಒಬ್ಬರಾದರೂ ಜೊತೆಗಿರಲಿ.

ಹೊರರೋಗಿ ವಿಭಾಗ

ನಾನು ಆಪ್ತಸಮಾಲೋಚಕನಾಗಿ ಕೆಲಸ ಮಾಡುತ್ತಿರುವುದರಿಂದ ಒಂದೆರಡು ಮಾತು ಸೇರಿಸುತ್ತೇನೆ. ಹುರುಪು ಬಂದ ಮೇಲೆ ಕೆಲಸ ಮಾಡೋಣ ಎಂದು ನಾವೆಲ್ಲರೂ ಕಾಯುತ್ತೇವೆ. ಖಿನ್ನತೆಯ ಚಿಕಿತ್ಸೆಯಲ್ಲಿ ಬಳಸುವ ಬಿಹೇವಿಯರಲ್ ಆ್ಯಕ್ಟಿವೇಶನ್ ಎಂಬ ವಿಧಾನ ಇದನ್ನು ತಿರುವುಮುರುವು ಮಾಡಿ, ಮನಸ್ಸಿಲ್ಲದಿದ್ದರೂ ಗೊತ್ತುಮಾಡಿದ ಹೊತ್ತಿಗೆ ಸಣ್ಣ ಕೆಲಸವನ್ನು ಮಾಡಿಸುತ್ತದೆ, ಹುರುಪು ಅದರ ಹಿಂದೆ ಬರುತ್ತದೆ. ನಡಿಗೆಗೂ ಇದೇ ಮಾತು ಅನ್ವಯಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮವನ್ನು ಸೂಚಿಸುತ್ತದೆಯಾದರೂ, ಹತ್ತು ನಿಮಿಷ ನಡೆದರೆ ಅದು ಲೆಕ್ಕಕ್ಕಿಲ್ಲವೆಂದು ಭಾವಿಸಬೇಡಿ.

ಮೀಟಿಂಗ್ ಮುಗಿದೊಡನೆ ಬಾಕಿ ಉಳಿದದ್ದನ್ನೂ ನಾಳೆ ಮೊದಲು ಮಾಡಬೇಕಾದದ್ದನ್ನೂ ಒಂದು ಹಾಳೆಯಲ್ಲಿ ಬರೆದು, ಲ್ಯಾಪ್‌ಟಾಪಿನ ಜೊತೆ ಅದನ್ನೂ ಮುಚ್ಚಿಡಿ. ಮಲಗಿ ಸುಮಾರು ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಯ ಮಂದ ಬೆಳಕಿನಲ್ಲಿ ಏನಾದರೂ ಓದುತ್ತಿದ್ದು, ಕಣ್ಣು ಕೂರತೊಡಗಿದಾಗ ಮಾತ್ರ ಹಾಸಿಗೆಗೆ ಮರಳಿ. ಇಲ್ಲವಾದರೆ ಹಾಸಿಗೆ ಎಂದರೆ ಹೊರಳಾಡುವ ಜಾಗ ಎಂಬುದೇ ಮನಸ್ಸಿಗೆ ರೂಢಿಯಾಗುತ್ತದೆ. ಮೊಬೈಲ್ ಚಾರ್ಜರ್ ನಡುಮನೆಯಲ್ಲಿರಲಿ.

ಇಷ್ಟಾದರೂ ಬೇಸರ ಅಥವಾ ನಿರಾಸಕ್ತಿ ಎರಡು ವಾರಗಳಿಗೂ ಮೀರಿ ದಿನದ ಹೆಚ್ಚಿನ ಹೊತ್ತು ಉಳಿದರೆ, ಹಸಿವು ಕೆಟ್ಟರೆ, ಅದನ್ನು ಅಭ್ಯಾಸಗಳಿಂದಲೇ ಸರಿಪಡಿಸಲು ಹೊರಡದೆ ಮನೋವೈದ್ಯರನ್ನು ಕಾಣಿರಿ. ಬದುಕು ಬೇಡವೆನಿಸಿದರಂತೂ ಒಂದು ದಿನವೂ ಕಾಯಬಾರದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಏಳೂವರೆಗೆ ಏಳುವುದು ಮತ್ತು ಮೀಟಿಂಗಿನ ನಂತರದ ಹಾಳೆ, ಇವೆರಡನ್ನು ಮೊದಲು ಹಿಡಿಯುತ್ತೇನೆ. ಆರಂಭದಲ್ಲಿ ನಿದ್ದೆ ಕಡಿಮೆಯಾಗಿ ಮಧ್ಯಾಹ್ನ ಊಟವಾದ ಮೇಲೆ ತೂಕಡಿಕೆ ಬರುವುದು ಖಂಡಿತ, ಮಲಗಬಹುದೇ?

ಹೊರರೋಗಿ ವಿಭಾಗ

ಮೂರು ಗಂಟೆಯೊಳಗೆ, ಅಲಾರಂ ಇಟ್ಟುಕೊಂಡು ಇಪ್ಪತ್ತು ನಿಮಿಷ ಮಲಗಬಹುದು. ಅದಕ್ಕಿಂತ ಹೆಚ್ಚಾದರೆ ರಾತ್ರಿಯ ನಿದ್ದೆಗೆ ಸಂಚಕಾರ ಬರುತ್ತದೆ.