‘ಲಂಗರು ಹಾಕು’ ಒಂದೇ ಸಾಕೆ? ಗ್ರೀಕ್ ಕೊಲ್ಲಿಯಲ್ಲಿ ಬೇಕಾಗುವ ಕ್ರಿಯಾಪದಗಳು

ಎಲ್ಲರಿಗೂ ನಮಸ್ಕಾರ.

ಗ್ರೀಸಿನ ಸೈಕ್ಲಡೀಸ್ ದ್ವೀಪಗಳ ನಡುವೆ ಬಾಡಿಗೆ ಹಾಯಿದೋಣಿಯಲ್ಲಿ ತಿರುಗಲು ಹೊರಟಿರುವ ಕನ್ನಡಿಗರ ತಂಡವೊಂದಕ್ಕೆ ಕೈಪಿಡಿ ಬರೆಯುತ್ತಿದ್ದೇನೆ. ಹಾಯಿ, ಚುಕ್ಕಾಣಿ, ಕೂವೆಮರ ಇವಕ್ಕೆಲ್ಲ ಪದಗಳಿವೆ. ಬರವಣಿಗೆ ನಿಂತಿರುವುದು ಲಂಗರಿನ ಅಧ್ಯಾಯದಲ್ಲಿ. ಕನ್ನಡದ ಬರಹದಲ್ಲಿ ಸಿಗುವುದು ಹೆಚ್ಚುಕಡಿಮೆ ‘ಲಂಗರು ಹಾಕು’ ಎಂಬ ಒಂದೇ ಮಾತು. ‘ಹಡಗು ಮಂಗಳೂರಿನಲ್ಲಿ ಲಂಗರು ಹಾಕಿದೆ’ ಎಂದು ಪತ್ರಿಕೆಯಲ್ಲಿ ಓದಿದರೆ, ಅದು ಧಕ್ಕೆಗೆ ಹಗ್ಗ ಕಟ್ಟಿ ನಿಂತಿದೆಯೋ, ಹೊರಗೆ ಕಡಲಲ್ಲಿ ಲಂಗರಿನ ಆಸರೆಯಲ್ಲಿ ನಿಂತಿದೆಯೋ ಗೊತ್ತಾಗುವುದಿಲ್ಲ. ಸುದ್ದಿಗೆ ಅಷ್ಟು ಸಾಕು. ದೋಣಿಯಲ್ಲಿ ಮಲಗಿ ನಿದ್ದೆ ಮಾಡಬೇಕಾದವರಿಗೆ ಸಾಲದು.

ಕೆಲಸ ನಡೆಯುವ ಕ್ರಮ ಹೀಗಿದೆ. ಗಾಳಿಗೆ ಮುಖ ಮಾಡಿ ನಿಧಾನವಾಗಿ ಬಂದು, ದೋಣಿ ನಿಂತ ಮೇಲೆ ಲಂಗರನ್ನು ತಳ ಮುಟ್ಟುವವರೆಗೆ ಇಳಿಸಬೇಕು. ದೋಣಿ ಗಾಳಿಗೆ ಹಿಂದೆ ಸರಿಯುತ್ತಿದ್ದಂತೆ ಸರಪಳಿಯನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗಬೇಕು. ಒಂದೇ ಕಡೆ ರಾಶಿ ಬಿದ್ದರೆ ಲಂಗರಿಗೇ ಸುತ್ತಿಕೊಳ್ಳುತ್ತದೆ. ಬೇಕಾದಷ್ಟು ಬಿಟ್ಟ ಮೇಲೆ ಎಂಜಿನ್ನನ್ನು ರಿವರ್ಸಿನಲ್ಲಿ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಓಡಿಸಿ ಲಂಗರು ನೆಲದಲ್ಲಿ ಹೂತುಕೊಳ್ಳುವಂತೆ ಮಾಡಬೇಕು. ಮುಂತುದಿಯಲ್ಲಿರುವವರು ಬಿಗಿದ ಸರಪಳಿಯ ಮೇಲೆ ಅಂಗೈ ಇಟ್ಟರೆ ತಳದಲ್ಲಿ ನಡೆಯುತ್ತಿರುವುದು ಕೈಗೇ ಗೊತ್ತಾಗುತ್ತದೆ. ಕಲ್ಲಿನ ಮೇಲೆ ಎಳೆದಾಡಿದರೆ ಕಟಕಟ ನಡುಕ. ನೆಲ ಹಿಡಿದರೆ ಸರಪಳಿ ನೆಟ್ಟಗೆ ಬಿಗಿದು ಸುಮ್ಮನಾಗುತ್ತದೆ, ದೋಣಿ ಹಿಂದೆ ಹೋಗುವುದನ್ನು ಬಿಟ್ಟು ತುಸು ಮುಂದಕ್ಕೆ ಬರುತ್ತದೆ. ಆಗ ದಡದ ಮೇಲಿನ ಎರಡು ಗುರುತುಗಳನ್ನು, ಉದಾಹರಣೆಗೆ ಸುಣ್ಣ ಬಳಿದ ಗುಡಿಯನ್ನೂ ಅದರ ಹಿಂದಿನ ಬಂಡೆಯನ್ನೂ, ಒಂದೇ ಗೆರೆಗೆ ತಂದು ನೋಡುತ್ತಿರಬೇಕು. ಗೆರೆ ಮುರಿಯುತ್ತಲೇ ಹೋದರೆ ಲಂಗರು ನಿಂತಿಲ್ಲ.

ಮುಂತುದಿಯಿಂದ ಚುಕ್ಕಾಣಿಯವರಿಗೆ ಗಾಳಿಯ ಸದ್ದಿನ ನಡುವೆ ಕೂಗಿ ಹೇಳಬೇಕಾದ ಮಾತುಗಳಿವು. ಆದ್ದರಿಂದ ಪದ ಚಿಕ್ಕದಾಗಿರಬೇಕು, ಒಂದರಂತೆ ಇನ್ನೊಂದು ಕೇಳಿಸಬಾರದು. ನನ್ನ ಆಯ್ಕೆ: ಇಳಿಸು, ಬಿಡು, ಕಚ್ಚು, ನಿಲ್ಲು, ಕೀಳು. ‘ಕಚ್ತು!’ ಎಂದು ಕೂಗಿದರೆ ಯಾರಿಗೂ ಗೊಂದಲವಿಲ್ಲ. ಸಂಸ್ಕೃತದಿಂದ ‘ಸ್ಥಾಪನೆ’, ‘ಗ್ರಹಣ’ ಎಂದೆಲ್ಲ ಕಟ್ಟುವುದು ಈ ಜಾಗಕ್ಕೆ ಖಂಡಿತ ಒಗ್ಗದು.

ಲಂಗರಿನ ಹಿಡಿತ ತಪ್ಪಿದಾಗಿನ ಮಾತಿಗೆ ಒಂದಲ್ಲ, ಎರಡು ಪದ ಬೇಕು ಎಂಬುದು ನನ್ನ ವಾದ. ದಾರಿ ಸಿಕ್ಕಿದ್ದು ನೇಗಿಲಿನಿಂದ. ಮರಾಠಿಯಲ್ಲಿ ‘ನಾಂಗರ’ ಎಂದರೆ ನೇಗಿಲೂ ಹೌದು, ಲಂಗರೂ ಹೌದು. ತಮಿಳಿನ ‘ನಂಗೂರಂ’, ಮಲಯಾಳದ ‘ನಂಕೂರಂ’ ಲಂಗರಿಗೆ ಮಾತ್ರ. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜೆಫ್ರಿ ಇನ್‌ಗ್ರಾಂ ಟೇಲರ್ ಹೊಸ ಬಗೆಯ ಲಂಗರೊಂದನ್ನು ರೂಪಿಸಿದಾಗ ಅದಕ್ಕೆ ಕೊಟ್ಟ ಆಕಾರವೂ ನೇಗಿಲಿನದೇ. ಸಿಕ್ಯೂಆರ್ ಎಂಬ ಆ ಲಂಗರು ಇವತ್ತಿಗೂ ಎಷ್ಟೋ ದೋಣಿಗಳ ಮುಂತುದಿಯಲ್ಲಿದೆ. ನೆಲಕ್ಕೆ ಇಳಿಯುವ ಅಲಗಿಗೆ ‘ಕುಳ’, ಉದ್ದನೆಯ ತೋಳಿಗೆ ‘ಈಸು’ ಎಂದು ಬರೆದರೆ ಬೇಸಾಯ ಬಲ್ಲ ಓದುಗರಿಗೆ ವಿವರಣೆಯೇ ಬೇಡ. ಎಳೆತ ನೆಲಕ್ಕೆ ಒರಗಿದಂತಿದ್ದರೆ ಕುಳ ಆಳಕ್ಕೆ ಇಳಿಯುತ್ತದೆ. ಮೇಲಕ್ಕೆ ಎಳೆದರೆ ಕಿತ್ತು ಬರುತ್ತದೆ. ಸರಪಳಿಯನ್ನು ಧಾರಾಳವಾಗಿ ಬಿಡಬೇಕಾದದ್ದು ಇದಕ್ಕೇ.

ಹಾಗಾಗಿ ಮರಳಲ್ಲೋ ಕೆಸರಲ್ಲೋ ಕುಳ ಇಳಿದಿದ್ದರೂ ಲಂಗರು ಸಾಲು ಕೊರೆಯುತ್ತಾ ದೋಣಿಯ ಹಿಂದೆ ಬರುತ್ತಿದ್ದರೆ ‘ಉಳುತ್ತಿದೆ’ ಎನ್ನೋಣ. ಕುಳ ಇಳಿಯದೆ, ಕಡಲಹುಲ್ಲಿನ ಮೇಲೋ ಚಪ್ಪಟೆ ಬಂಡೆಯ ಮೇಲೋ ಸರಿದು ಹೋಗುತ್ತಿದ್ದರೆ ‘ಜಾರುತ್ತಿದೆ’ ಎನ್ನೋಣ. ಉಳುತ್ತಿದ್ದರೆ ಇನ್ನಷ್ಟು ಸರಪಳಿ ಬಿಟ್ಟು ನೋಡಬಹುದು, ಹಿಂದೆ ಜಾಗವಿದ್ದರೆ. ಜಾರುತ್ತಿದ್ದರೆ ಕಿತ್ತು ಬೇರೆ ಕಡೆ ಇಳಿಸುವುದೊಂದೇ ದಾರಿ. ಮಾಡಬೇಕಾದ ಕೆಲಸವೇ ಬೇರೆಯಾದ್ದರಿಂದ ಪದವೂ ಬೇರೆ ಇರಲಿ. ಗ್ರೀಕರು ‘ಕ್ಸೆಸೆರ್ನೊ’ ಎಂಬ ಒಂದೇ ಕ್ರಿಯಾಪದ ಬಳಸುತ್ತಾರೆ. ಇಳಿಸುವುದಕ್ಕೆ ಮಾತ್ರ ಅವರಲ್ಲಿ ಇಟಾಲಿಯನ್ನಿನಿಂದ ಬಂದ ‘ಫುಂದಾರೊ’ ಎಂಬ ಬೇರೆ ಪದವಿದೆ.

ಗ್ರೀಕಿನಲ್ಲಿ ಲಂಗರಿಗೆ ‘ಆಂಕಿರಾ’. ಬಾಗು ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಬಂದ ಪದ. ನಮ್ಮ ಮಾವುತನ ‘ಅಂಕುಶ’ವೂ ಅದೇ ಬಳಗದ್ದು. ಕೈಪಿಡಿಗೆ ಇದರಿಂದ ಉಪಯೋಗವಿಲ್ಲ, ಆದರೂ ಇಲ್ಲಿನವರಿಗೆ ಇಷ್ಟವಾದೀತು ಎಂದು ಬರೆದೆ.

ಸರಪಳಿಯ ಉದ್ದಕ್ಕೂ ಆಳಕ್ಕೂ ಇರಬೇಕಾದ ಅನುಪಾತಕ್ಕೆ ‘ಪಟ್ಟು’ ಎಂದಿಟ್ಟಿದ್ದೇನೆ. ಐದು ಪಟ್ಟು ಎಂದರೆ ಲೆಕ್ಕವೂ ಆಯಿತು, ಪಟ್ಟು ಹಿಡಿಯುವ ಅರ್ಥವೂ ಬಂತು. ಆಳ 5 ಮೀಟರ್, ನೀರಿನಿಂದ ಮುಂತುದಿಗೆ 1 ಮೀಟರ್, ಒಟ್ಟು 6; ಐದು ಪಟ್ಟಿಗೆ 30 ಮೀಟರ್ ಸರಪಳಿ. ಹೆಚ್ಚಿನ ಭಾಗ ಹಗ್ಗವೇ ಆಗಿದ್ದರೆ ಏಳು ಪಟ್ಟಾದರೂ ಬೇಕು. ಮುಂತುದಿಯ ಎತ್ತರವನ್ನು ಕೂಡಿಸಲು ಹೊಸಬರು ಮರೆಯುತ್ತಾರೆ. ನಮ್ಮ ಕರಾವಳಿಯಲ್ಲಾದರೆ ಉಬ್ಬರದ ಎತ್ತರವನ್ನೂ ಸೇರಿಸಬೇಕಾಗುತ್ತಿತ್ತು. ಈ ದ್ವೀಪಗಳಿರುವ ಏಜಿಯನ್ ಕಡಲಿನ ಬಹುಪಾಲು ಕಡೆ ಉಬ್ಬರ ಇಳಿತ ಲೆಕ್ಕಕ್ಕೆ ಬಾರದಷ್ಟು ಕಡಿಮೆ. ‘ಮಾರು’ ಎಂಬ ಹಳೆಯ ಅಳತೆ ಬಳಸಲು ಆಸೆಯಿತ್ತು, ಕೈ ಚಾಚಿ ಅಳೆಯುವ ಗ್ರೀಕರ ‘ಒರ್ಗುಯಾ’ಕ್ಕೆ ಅದು ಸರಿಸಾಟಿ. ಆದರೆ ಬಾಡಿಗೆ ದೋಣಿಯ ಆಳಮಾಪಕ ಮೀಟರಿನಲ್ಲೇ ತೋರಿಸುತ್ತದೆ, ಅಲ್ಲಿ ಗುಣಿಸಿ ಭಾಗಿಸುವ ಗೊಡವೆ ಬೇಡ.

ಇನ್ನು ಗಾಳಿಯ ಪದಗಳು. ಬೇಸಿಗೆಯಲ್ಲಿ, ಮುಖ್ಯವಾಗಿ ಜುಲೈ–ಆಗಸ್ಟಿನಲ್ಲಿ, ಏಜಿಯನ್ ಮೇಲೆ ಬೀಸುವ ಬಡಗಣ ಗಾಳಿಗೆ ‘ಮೆಲ್ಟೆಮಿ’ ಎಂದು ಹೆಸರು. ಆಕಾಶ ತಿಳಿಯಾಗಿದ್ದಾಗಲೇ ಎದ್ದು ದಿನಗಟ್ಟಲೆ ಬೀಸುತ್ತದೆ, ಕೆಲವೊಮ್ಮೆ ಗಾಳಿಯ ಬಲ ಅಳೆಯುವ ಬೋಫೋರ್ಟ್ ಮಾನದ 7–8ರವರೆಗೂ ಏರುತ್ತದೆ. ಇದರ ಹೆಸರನ್ನು ಹಾಗೇ ಉಳಿಸಿಕೊಳ್ಳುತ್ತೇನೆ. ದ್ವೀಪದ ತೆಂಕಣ ಬದಿಯ ಕೊಲ್ಲಿಗೆ ‘ಗಾಳಿಮರೆ’ ಎಂದು ಬರೆದೆ. ತಕ್ಷಣ ಅನುಮಾನ ಬಂತು. ಎತ್ತರದ ಗುಡ್ಡವಿದ್ದರೆ ಗಾಳಿ ನೆತ್ತಿ ದಾಟಿ ಇಳಿಜಾರಿನಲ್ಲಿ ಧುಮುಕಿ, ಮರೆಯೆಂದುಕೊಂಡ ಕಡೆಯೇ ಬಯಲಿಗಿಂತ ಜೋರಾಗಿ ಬಡಿಯುತ್ತದೆ. ಅಲೆ ಇರುವುದಿಲ್ಲ, ಗಾಳಿ ಇರುತ್ತದೆ. ಅಂಥ ಜಾಗಕ್ಕೆ ‘ಅಲೆಮರೆ’ ಎಂದರೆ ಪ್ರಾಮಾಣಿಕವಾದೀತು. ಧುಮುಕುವ ಗಾಳಿಗೆ ‘ಇಳಿಗಾಳಿ’ ಹೇಗೆ?

‘ಕೊಲ್ಲಿ’ಯ ಬಗ್ಗೆಯೂ ಸಮಾಧಾನವಿಲ್ಲ. ಬಂಗಾಳ ಕೊಲ್ಲಿಯೂ ಕೊಲ್ಲಿ, ಸಿಫ್ನೋಸ್ ದ್ವೀಪದ ವಥಿಯಂಥ ಪುಟ್ಟ ಜಾಗವೂ ಕೊಲ್ಲಿಯೇ? ಕಿಥ್ನೋಸಿನ ಕೊಲೋನಾದಲ್ಲಿ ಮರಳಿನ ಕಿರುಪಟ್ಟಿಯೊಂದು ನಡುಗಡ್ಡೆಯನ್ನು ದ್ವೀಪಕ್ಕೆ ಜೋಡಿಸಿದೆ. ಎರಡು ಬದಿಗೂ ದೋಣಿ ನಿಲ್ಲುತ್ತವೆ, ಗಾಳಿ ನೋಡಿ ಬದಿ ಆರಿಸುತ್ತಾರೆ. ಇಂಥದ್ದಕ್ಕೆ ‘ಕಿರುಗೊಲ್ಲಿ’ ಎನ್ನಬಹುದೇನೋ.

ಕಡಲಹುಲ್ಲು ಎಂದೆನಲ್ಲ, ಅದು ಪೊಸಿಡೋನಿಯಾ. ಪಾಚಿಯಲ್ಲ, ಹೂ ಬಿಡುವ ಗಿಡ. ‘ಪಾಚಿ’ ಎಂದು ಬರೆದರೆ ಜನ ಅದನ್ನು ಕಸವೆಂದುಕೊಂಡು ಅದರ ಮೇಲೇ ಲಂಗರು ಬಿಡುತ್ತಾರೆ. ಲಂಗರು ಕಿತ್ತ ಗಾಯ ತುಂಬಿಕೊಳ್ಳಲು ಬಹಳ ಕಾಲ ಬೇಕು. ಇದರ ಹಾಸುಗಳನ್ನು ಗಿಡ-ಪ್ರಾಣಿಗಳ ನೆಲೆಗಳನ್ನು ಕಾಪಾಡುವ ಯುರೋಪಿನ ಕಾನೂನಾದ 1992ರ ಆವಾಸ ನಿರ್ದೇಶನ ಆದ್ಯತೆಯ ಪಟ್ಟಿಯಲ್ಲಿ ಇಟ್ಟಿದೆ. ನೀರು ತಿಳಿಯಾಗಿರುವುದರಿಂದ ಮೇಲಿನಿಂದಲೇ ಗುರುತು ಸಿಗುತ್ತದೆ: ಕಪ್ಪಗೆ ಕಂಡದ್ದು ಸಾಮಾನ್ಯವಾಗಿ ಹುಲ್ಲು ಅಥವಾ ಕಲ್ಲು, ತಿಳಿಹಸಿರು ಕಂಡದ್ದು ಮರಳು. ಆ ಮರಳಿನ ತುಂಡಿಗೆ ‘ಬಯಲು’ ಎಂದು ಬರೆದಿದ್ದೇನೆ: ‘ಬಯಲು ನೋಡಿ ಇಳಿಸು.’

ಈಗ ಕೇಳಬೇಕಾದದ್ದು. ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ ಕಡೆಯ ಸದಸ್ಯರು ದಯವಿಟ್ಟು ತಮ್ಮೂರಿನ ದೋಣಿಯವರನ್ನು ವಿಚಾರಿಸಿ. ಲಂಗರು ನೆಲ ಹಿಡಿಯಿತು ಎನ್ನಲು ಏನೆನ್ನುತ್ತಾರೆ? ಹಿಡಿತ ತಪ್ಪಿದಾಗ ಏನೆಂದು ಕೂಗುತ್ತಾರೆ? ದಡದ ಎರಡು ಗುರುತು ಹೊಂದಿಸಿ ಜಾಗ ನೋಡುವುದಕ್ಕೆ ಹೆಸರಿದೆಯೇ? ತುಳು, ಕೊಂಕಣಿ ಮಾತಾದರೂ ಸರಿ. ಊರು ಯಾವುದು, ದೋಣಿ ಎಂಥದ್ದು ಎಂಬುದನ್ನೂ ಸೇರಿಸಿ ಬರೆಯಿರಿ. ಅಲ್ಲಿ ಬಳಕೆಯಲ್ಲಿರುವ ಪದ ಸಿಕ್ಕರೆ ನಾನು ಕಟ್ಟಿದ್ದನ್ನು ತೆಗೆದು ಅದನ್ನೇ ಹಾಕುತ್ತೇನೆ.