ಬಿಸ್ಟ್ರಿಟ್ಸಾ ಅನ್ನೋದು ಊರಾ, ನದಿನಾ?

ಪ್ರಶ್ನೆ: ಹುಮನಾಬಾದ ಮಾಸ್ತರ

ನಮಸ್ಕಾರ ಎಲ್ಲರಿಗೂ. ಶಾಲೆಯಲ್ಲಿ ಯುರೋಪ್ ನಕ್ಷೆ ಬಿಡಿಸಿ ಕೂತಿದ್ದೆವು. ಸ್ಲೊವಾಕಿಯಾದಲ್ಲಿ ಬಾನ್ಸ್ಕಾ ಬಿಸ್ಟ್ರಿಟ್ಸಾ ಅನ್ನೋ ಊರು ಸಿಕ್ಕಿತು. ರೊಮೇನಿಯಾದಲ್ಲಿ ಬಿಸ್ಟ್ರಿಟ್ಸಾ, ಅಲ್ಲಿ ಊರಿಗೂ ಅದೇ ಹೆಸರು, ಊರಲ್ಲಿ ಹರಿಯೋ ನದಿಗೂ ಅದೇ. ಸ್ಲೊವೇನಿಯಾದಲ್ಲಿ ಇನ್ನೂ ಮೂರು. ಏಳನೇ ಕ್ಲಾಸಿನ ಹುಡುಗಿಯೊಬ್ಬಳು, "ಸರ್, ಒಂದೇ ಊರಿನವರು ಎಲ್ಲಾ ಕಡೆ ಹೋಗಿ ನೆಲೆಸಿದ್ರಾ?" ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ, ನಾಳೆ ಹೇಳ್ತೀನಿ ಅಂದೆ. ಊರು ಮೊದಲಾ, ನದಿ ಮೊದಲಾ? ಗೊತ್ತಿದ್ದವರು ಹೇಳಿ.

ಉತ್ತರ: ಕಾರಂಜಾ ದಂಡೆ

ಮಾಸ್ತರೇ, ಆ ಹುಡುಗಿ ಒಳ್ಳೆ ಪ್ರಶ್ನೆ ಕೇಳಿದ್ದಾಳೆ. ಯಾರೂ ವಲಸೆ ಹೋಗಬೇಕಾಗಿಲ್ಲ. ರಷ್ಯನ್ನಿನಲ್ಲಿ 'ಬಿಸ್ಟ್ರಿ' ಅಂದ್ರೆ ಜೋರು, ರಭಸ. ಸರ್ಬಿಯಾ, ಕ್ರೊಯೇಷಿಯಾ ಕಡೆ 'ಬಿಸ್ತಾರ್' ಅಂದ್ರೆ ತಿಳಿ, ತಳ ಕಾಣೋ ಅಂಥ ನೀರು. ಇದಕ್ಕೆ ಕೊನೆಗೆ 'ಇಟ್ಸಾ' ಸೇರಿಸಿದರೆ ಗುಣವೇ ಹೆಸರಾಗುತ್ತದೆ. ನಾವು ಕೆಂಪು ಆಕಳಿಗೆ ಕೆಂಪಿ ಅಂತ ಕರೀತೀವಲ್ಲ, ಹಾಗೇ. ಬೀದರಿನಲ್ಲೂ ಒಂದು ಕೆಂಪಿ, ಶಹಾಪುರದಲ್ಲೂ ಒಂದು ಕೆಂಪಿ, ಇಬ್ಬರು ಯಜಮಾನರು ಒಬ್ಬರನ್ನೊಬ್ಬರು ನೋಡಿರೋದೇ ಇಲ್ಲ, ಆದರೂ ಹೆಸರು ಒಂದೇ. ಬೆಟ್ಟದಿಂದ ಇಳಿಯೋ ತೊರೆ ಕಂಡಲ್ಲೆಲ್ಲ ಜನ ತಾವಾಗಿಯೇ ಬಿಸ್ಟ್ರಿಟ್ಸಾ ಅಂದರು. ಸಾಮಾನ್ಯವಾಗಿ ನೀರಿನ ಹೆಸರೇ ಮೊದಲು. ರಭಸವಾಗಿ ಹರಿಯೋದು ತೊರೆ, ಊರಲ್ಲ, ಅಲ್ವಾ? ಆಮೇಲೆ ದಂಡೆ ಮೇಲೆ ಮನೆ ಕಟ್ಟಿದವರ ಊರಿಗೂ ಅದೇ ಹೆಸರು ಬಂತು. ಮಾಸ್ಕೋ ನಗರಕ್ಕೆ ಹೆಸರು ಬಂದಿದ್ದೂ ಮಾಸ್ಕ್ವಾ ನದಿಯಿಂದಲೇ. ಚೆಕ್ ದೇಶದಲ್ಲಿ ಒಪಾವಾ, ಯಿಹ್ಲಾವಾ ಎರಡೂ ಊರುಗಳು ಅದದೇ ಹೆಸರಿನ ನದಿ ಪಕ್ಕ ಇವೆ.

ಉತ್ತರ: ಸುರಪುರ ಹುಡುಗ

ಒಂದು ಮಾತು ಸೇರಿಸ್ತೀನಿ. ಮಾತಾಡೋ ಭಾಷೆ ಬದಲಾದರೂ ಹೆಸರು ಬಿಟ್ಟು ಹೋಗೋದಿಲ್ಲ, ನನಗೆ ಬಹಳ ಇಷ್ಟವಾದದ್ದು ಇದೇ. ಆಸ್ಟ್ರಿಯಾದಲ್ಲಿ ಈಗ ಜರ್ಮನ್ ಮಾತಾಡ್ತಾರೆ, ಅಲ್ಲಿ ಬಿಸ್ಟ್ರಿಟ್ಸಾ ಫೈಸ್ಟ್ರಿಟ್ಸ್ ಆಗಿ ಕೂತಿದೆ. ಜರ್ಮನಿಯ ಕೆಮ್ನಿಟ್ಸ್ ನೋಡಿ. ರಷ್ಯನ್, ಚೆಕ್, ಸರ್ಬಿಯನ್ ಎಲ್ಲಾ ಸ್ಲಾವಿಕ್ ಅನ್ನೋ ಒಂದೇ ಕುಟುಂಬದ ಭಾಷೆಗಳು. ಆ ಸ್ಲಾವಿಕ್ ಮಾತಿನಲ್ಲಿ 'ಕಾಮೆನ್' ಅಂದ್ರೆ ಕಲ್ಲು. ಕಲ್ಲಿನ ಹಳ್ಳ ಅನ್ನೋ ಹೆಸರು ನದಿಗೆ, ಅದರಿಂದ ಊರಿಗೆ. 1953ರಲ್ಲಿ ಸರ್ಕಾರ ಆ ಊರನ್ನು ಕಾರ್ಲ್ ಮಾರ್ಕ್ಸ್ ಸ್ಟಾಟ್ ಅಂತ ಮಾಡಿತು. 1990ರಲ್ಲಿ ಜನ ವೋಟು ಹಾಕಿ ಹಳೇ ಹೆಸರೇ ಬೇಕು ಅಂದರು. ಸ್ಲಾವಿಕ್ ಮಾತಾಡದ ಜನ ಕೂಡ ಆ ಕಲ್ಲಿನ ಹಳ್ಳವನ್ನು ಬಿಟ್ಟುಕೊಡಲಿಲ್ಲ! ನಮ್ಮ ಕೆಂಭಾವಿಯೂ ಹೀಗೇ ನೀರಿನ ಹೆಸರಿನ ಊರು ರೀ. ಕೆಂಪು ಬಾವಿ.

ಉತ್ತರ: ಹಳ್ಳಿಖೇಡ ಅಕ್ಕ

ಇಷ್ಟೊಂದು ಬಿಸ್ಟ್ರಿಟ್ಸಾ ಇದ್ದರೆ ಗುರುತು ಹಿಡಿಯೋದು ಹೇಗೆ ಅಂತ ಯಾರೂ ಹೇಳಲಿಲ್ಲ. ನಮ್ಮ ಜಿಲ್ಲೆಯಲ್ಲೇ ಹಳ್ಳಿಖೇಡ ಎರಡು, ಒಂದು ಬಿ, ಇನ್ನೊಂದು ಕೆ. ಬಿ ಅಂದ್ರೆ ಬುಜುರ್ಗ್, ದೊಡ್ಡದು. ಕೆ ಅಂದ್ರೆ ಖುರ್ದ್, ಸಣ್ಣದು. ಎರಡೂ ಪಾರ್ಸಿ ಮಾತು. ನನ್ನ ತಮ್ಮನ ಮದುವೆಗೆ ಅತ್ತೆ ಮನೆಯವರು ಕಾರ್ಡಿನಲ್ಲಿದ್ದ ಆ ಒಂದು ಅಕ್ಷರ ನೋಡದೆ ಇನ್ನೊಂದು ಹಳ್ಳಿಖೇಡಕ್ಕೆ ಹೋಗಿ, ಸೀರೆ, ತೆಂಗಿನಕಾಯಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದರು. ಪಾಪ, ಅಕ್ಕಿಕಾಳು ಬಿದ್ದ ಮೇಲೆ ಬಂದರು. ಅಲ್ಲಿಯೂ ಇದೇ ಪದ್ಧತಿ. ಚೆಕ್ ದೇಶದಲ್ಲಿ ವೆಲ್ಕಾ ಬಿಸ್ಟ್ರಿಟ್ಸೆ ಅಂತ ಊರಿದೆ, ವೆಲ್ಕಾ ಅಂದ್ರೆ ದೊಡ್ಡದು. ಬಾನ್ಸ್ಕಾ ಅಂದ್ರೆ ಗಣಿಯದು, ಅಲ್ಲಿ ತಾಮ್ರ ತೆಗೀತಿದ್ದರು.

ಹುಮನಾಬಾದ ಮಾಸ್ತರ

ಅಕ್ಕಾ, ಬುಜುರ್ಗ್ ಮತ್ತು ವೆಲ್ಕಾ ಒಂದೇ ಅಂತ ನನಗೆ ಹೊಳೆದೇ ಇರಲಿಲ್ಲ. ಆ ಹುಡುಗಿ ಹಳ್ಳಿಖೇಡ ಬಿ ಇಂದಲೇ ಬರ್ತಾಳೆ. ನಾಳೆ ಬೋರ್ಡಿನ ಮೇಲೆ ಎರಡೂ ಊರಿನ ಹೆಸರು ಅಕ್ಕಪಕ್ಕ ಅವಳ ಕೈಯಲ್ಲೇ ಬರೆಸ್ತೀನಿ. ಕೆಂಪಿ ಮಾತನ್ನೂ ಹೇಳ್ತೀನಿ, ಅವರ ಮನೆಯಲ್ಲಿ ಆಕಳಿದೆ.