ಐದು ನಿಮಿಷದ ಭಾಷಣ: ಒಂದು ಶಬ್ದ ತಪ್ಪಿದರೆ ಎಲ್ಲವೂ ಮರೆಯುತ್ತದೆ, ಏನು ಮಾಡಲಿ?

ಪೆರ್ಲದ ವಿದ್ಯಾರ್ಥಿನಿ:
ಊರಿನ ಗ್ರಂಥಾಲಯದಲ್ಲಿ ಕವಿ ಮಂಜೇಶ್ವರ ಗೋವಿಂದ ಪೈಗಳ ಬಗ್ಗೆ 5 ನಿಮಿಷ ಮಾತಾಡಬೇಕು. 8 ದಿನ ಉಂಟು. ಮೂರು ಪುಟ ಬರೆದು ಬಾಯಿಪಾಠ ಮಾಡುತ್ತಿದ್ದೇನೆ, ನಿಲ್ಲುವುದಿಲ್ಲ. ಕಾಗದ ಹಿಡಿದರೆ ಕೈ ನಡುಗುವುದು ಎಲ್ಲರಿಗೂ ಕಾಣುತ್ತದೆ.

ತಾಳಮದ್ದಳೆ ಪ್ರಿಯ:
ಬಾಯಿಪಾಠ ಬಿಡಿ ತಂಗಿ. ತಾಳಮದ್ದಳೆ ಎಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ. ಅದರಲ್ಲಿ ಪಾತ್ರವಾಗಿ ಮಾತಾಡುವ ಅರ್ಥಧಾರಿಗಳು ಮಾತನ್ನು ಉರುಹೊಡೆಯುವುದಿಲ್ಲ. ಪದ್ಯದ ಕ್ರಮ ಗೊತ್ತಿರುತ್ತದೆ, ಅರ್ಥ ಅಲ್ಲೇ ಹುಟ್ಟುತ್ತದೆ. ನಿಮಗೂ ನಾಲ್ಕು 'ಪದ್ಯ' ಸಾಕು: ಪೈಗಳು ದ್ವಿತೀಯಾಕ್ಷರ ಪ್ರಾಸ (ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು) ಬಿಟ್ಟದ್ದು, ಯೇಸುವಿನ ಕೊನೆಯ ದಿನದ 'ಗೊಲ್ಗೊಥಾ', ಬುದ್ಧನ ಕೊನೆಯ ಹೊತ್ತಿನ 'ವೈಶಾಖಿ', 1949ರಲ್ಲಿ ಮದ್ರಾಸ್ ಸರ್ಕಾರ ಕೊಟ್ಟ ರಾಷ್ಟ್ರಕವಿ ಗೌರವ. ಮೊದಲನೆಯದಕ್ಕೇ ಎರಡು ನಿಮಿಷ ಕೊಡಿ, ಪ್ರಾಸವಿರುವ ನಾಲ್ಕು ಸಾಲು, ಇಲ್ಲದ ನಾಲ್ಕು ಸಾಲು ಓದಿ ತೋರಿಸಿ. ಕಿವಿಗೇ ವ್ಯತ್ಯಾಸ ಗೊತ್ತಾಗುತ್ತದೆ.

ಆರಂಭದ ಎರಡು ವಾಕ್ಯ, ಮುಗಿಸುವ ಎರಡು ವಾಕ್ಯ ಮಾತ್ರ ಅಕ್ಷರಶಃ ಬರಬೇಕು. ಹೆದರಿಕೆ ಹೆಚ್ಚಿರುವುದು ಮೊದಲ ಅರ್ಧ ನಿಮಿಷ. ಆಗ ಹುಡುಕದೆ ಸಿಗುವ ಮಾತು ಬೇಕು. ಉಳಿದದ್ದಕ್ಕೆ ಅಂಗೈಯಷ್ಟು ದಪ್ಪ ಕಾರ್ಡಿನಲ್ಲಿ ಆರೇಳು ಶಬ್ದ. ತೆಳು ಹಾಳೆ ನಡುಕವನ್ನು ದೊಡ್ಡದು ಮಾಡುತ್ತದೆ, ಕಾರ್ಡ್ ಮಾಡುವುದಿಲ್ಲ.

ನಿವೃತ್ತ ಮಾಸ್ತರ್:
ಉಸಿರಿನ ವಿಷಯ ಸೇರಿಸುತ್ತೇನೆ. ಕನ್ನಡದಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಅಂಜಿದವರಿಗೆ ಉಸಿರು ಮುಗಿಯುವುದೂ ಅಲ್ಲೇ. 'ಒಪ್ಪಿದರು' ಎಂದಿರೋ 'ಒಪ್ಪಲಿಲ್ಲ' ಎಂದಿರೋ ಹಿಂದಿನ ಸಾಲಿಗೆ ಕೇಳುವುದೇ ಇಲ್ಲ. ಹತ್ತು ಶಬ್ದ ಮೀರಿದ ವಾಕ್ಯವನ್ನು ಎರಡು ಮಾಡಿ. ಕ್ರಿಯಾಪದದ ಅಡಿಗೆ ಗೆರೆ ಎಳೆದು, ಅದನ್ನು ಇಳಿಸದೆ ಓದಿ ಅಭ್ಯಾಸ ಮಾಡಿ.

ಇಸವಿಯನ್ನು ಅಂಕಿಯಲ್ಲಿ ಬರೆದರೆ ವೇದಿಕೆಯಲ್ಲಿ ತಡವರಿಸುತ್ತೀರಿ. 'ಸಾವಿರದ ಎಂಟುನೂರ ಎಂಬತ್ತಮೂರು' ಎಂದೇ ಬರೆಯಿರಿ. ನಾಲ್ಕೂವರೆ ನಿಮಿಷಕ್ಕೆ ಮುಗಿಯುವಷ್ಟು ಸಿದ್ಧಮಾಡಿ, ನಿಂತುಕೊಂಡು, ಗಟ್ಟಿಯಾಗಿ, ಫೋನಿನಲ್ಲಿ ಸಮಯ ಹಿಡಿದು. ಮನಸ್ಸಿನಲ್ಲಿ ಓದಿದ ಲೆಕ್ಕ ಲೆಕ್ಕವಲ್ಲ. ಕರೆಯುವ ಮೊದಲು ಒಂದು ಗುಟುಕು ನೀರು, ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಮೂರು ಸಲ ಉಸಿರು ಬಿಡಿ.

ಮೈಕ್‌ಸೆಟ್ಟಿನವ:
ಮೈಕ್ ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆ. ನೇರ ಹಿಡಿದರೆ ಪ, ಬ, ಭ ಬಂದಾಗ ಗಾಳಿ ಬಡಿದು 'ಫಟ್' ಎನ್ನುತ್ತದೆ. ಮೈಕ್ 'ಕುಂಯ್' ಎಂದು ಕೂಗಿಕೊಂಡರೆ ಅದರ ತಲೆಯನ್ನು ಕೈಯಿಂದ ಮುಚ್ಚಬೇಡಿ, ಕೂಗು ಹೆಚ್ಚುತ್ತದೆ. ಸ್ಪೀಕರ್ ಕಡೆಯಿಂದ ತಿರುಗಿಸಿ.

ಪೆರ್ಲದ ವಿದ್ಯಾರ್ಥಿನಿ:
ವಂದನೆಗಳು. ಗಣ್ಯರ ಹೆಸರು ಎಲ್ಲ ಹೇಳಬೇಕಾ?

ನಿವೃತ್ತ ಮಾಸ್ತರ್:
ಬೇಡ. ಅದು ಸ್ವಾಗತ ಹೇಳುವವರ ಕೆಲಸ. ಒಂದು ನಿಮಿಷ ಅಲ್ಲೇ ಹೋಗುತ್ತದೆ, ಒಬ್ಬರ ಹೆಸರು ಬಿಟ್ಟರೆ ಅವರ ಮುಖ ನೋಡುತ್ತಲೇ ಭಾಷಣ ಮುಗಿಸಬೇಕಾಗುತ್ತದೆ. 'ವೇದಿಕೆಯ ಹಿರಿಯರೇ, ಸಭಿಕರೇ' ಸಾಕು. ಸಭೆಯಲ್ಲಿ ಮಲಯಾಳ ಮಾತಾಡುವವರೂ ಇದ್ದರೆ ಇನ್ನೂ ಸ್ವಲ್ಪ ನಿಧಾನ ಮಾಡಿ, ಪ್ರಾಸದ ಸಾಲುಗಳನ್ನು ಎರಡು ಸಲ ಓದಿ.